ಜಪಸರದ ತಿಂಗಳ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಹಲಸಿನ ಹಲಗೆಯ ಮೈ, ಮುಂದೆ ಗಾಜಿನ ಬಾಗಿಲು, ಎರಡು ಪಕ್ಕದಲ್ಲೂ ಹಿತ್ತಾಳೆಯ ಹಿಡಿ. ನನ್ನನ್ನು ಮಾಡಿದವರು ಕನಕಪುರದ ಕಡೆಯ ಬಸವಾಚಾರಿ. ಅಳತೆ ತೆಗೆದುಕೊಳ್ಳಲು ಚರ್ಚಿಗೆ ಬಂದವರು, "ನಿಮ್ಮಮ್ಮ ಎಷ್ಟೆತ್ತರ ಅವ್ರೆ ಸ್ವಾಮಿ?" ಎಂದು ಕೇಳಿದರಂತೆ. ಫಾದರ್ ನಕ್ಕು, ಮಾತೆ ಮರಿಯಮ್ಮನವರ ಪ್ರತಿಮೆಯನ್ನೇ ತಂದು ಮುಂದಿಟ್ಟರಂತೆ.

ಅಕ್ಟೋಬರ್ ನಮ್ಮವರಿಗೆ ಜಪಸರದ ತಿಂಗಳು. ಆ ತಿಂಗಳು ಮಾತೆ ನನ್ನೊಳಗೆ ಕೂತು ದಿನಕ್ಕೊಂದು ಮನೆಗೆ ಹೋಗುತ್ತಾರೆ. ಸಂಜೆ ಬೀದಿಯವರೆಲ್ಲ ಆ ಮನೆಯಲ್ಲಿ ಸೇರಿ ಮಣಿ ಎಣಿಸುತ್ತ ಜಪಸರ ಹೇಳುತ್ತಾರೆ. ಮರುದಿನ ಆ ಮನೆಯವರೇ ನನ್ನನ್ನು ಮುಂದಿನ ಮನೆಯ ಹೊಸ್ತಿಲಿಗೆ ಒಯ್ಯಬೇಕು. ಕೊಡುವವರು ಒಂದು ಹಿಡಿ, ಪಡೆಯುವವರು ಇನ್ನೊಂದು ಹಿಡಿ ಹಿಡಿದು, ಇಬ್ಬರೂ ಒಟ್ಟಿಗೆ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಬೇಕು. ಮಾತು ಬಿಟ್ಟವರಿಗೆ ಅದು ಕಷ್ಟದ ಕೆಲಸ.

ಆ ಬೀದಿಯಲ್ಲಿ ಲೂರ್ದಮ್ಮನ ಮನೆಯಾದ ಮೇಲೆ ಆಕೆಯ ತಮ್ಮ ಚೌರಪ್ಪನ ಮನೆ. ಅವರ ತಾಯಿ ಜ್ಞಾನಮ್ಮ ಮಗನ ಜೊತೆಗಿದ್ದರು. ಒಂದು ವರ್ಷ ನಾನು ಚೌರಪ್ಪನ ಮನೆಗೆ ಹೋದಾಗ ಜ್ಞಾನಮ್ಮ ಹಾಸಿಗೆ ಹಿಡಿದಿದ್ದರು. ಜಪಸರ ಮುಗಿಸಿ ಎಲ್ಲರೂ ಹೋದರು. ತಾಯಿಯ ಉಸಿರು ಏರಿಳಿಯುವುದನ್ನು ನೋಡಿ ಚೌರಪ್ಪ ಫಾದರ್‌ರನ್ನು ಕರೆತರಲು ಅಂಗಿ ತೊಟ್ಟರು.

"ಎಲ್ಲಿಗ್ಲಾ ಹೊಂಟೆ?" ತಾಯಿ ಕೇಳಿದರು.

ಫಾದರ್ ಬಂದು ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚುವುದು ರೋಗಿಗೆ ಬಲ ಬರಲೆಂದು. ಆದರೆ ಎಣ್ಣೆ ಬಂತೆಂದರೆ ಸಾವು ಬಂತು ಎಂದೇ ನಮ್ಮ ಜನರ ಭಯ. ಚೌರಪ್ಪ ತಾಯಿಯ ಕಣ್ಣನ್ನು ನೋಡಿದರು.

"ಎಲ್ಲಿಗೂ ಇಲ್ಲ ಕಣವ್ವ," ಎಂದು ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದರು.

ಬೆಳಗಾಗುವಷ್ಟರಲ್ಲಿ ಜ್ಞಾನಮ್ಮ ತೀರಿಕೊಂಡಿದ್ದರು. ಓಡಿ ಬಂದ ಲೂರ್ದಮ್ಮ ಅಳುವುದಕ್ಕೂ ಮೊದಲು ಕೇಳಿದ್ದು ಒಂದೇ ಮಾತು: "ಫಾದರ್ ಬಂದಿದ್ರಾ?"

ಚೌರಪ್ಪ ತಲೆ ತಗ್ಗಿಸಿದರು.

"ಹೆತ್ತವ್ವನ್ನ ಬರಿಗೈಲಿ ಕಳಿಸ್ಬಿಟ್ಟಲ್ಲೋ ಪಾಪಿ!"

ಅದಾದ ಮೇಲೆ ಅಕ್ಕ ತಮ್ಮನ ಜೊತೆ ಮಾತು ಬಿಟ್ಟರು. ಮುಂದಿನ ಅಕ್ಟೋಬರ್‌ನಲ್ಲಿ ನನ್ನನ್ನು ತಮ್ಮನ ಹೊಸ್ತಿಲಿಗೆ ಒಯ್ಯಲು ಲೂರ್ದಮ್ಮ ಒಪ್ಪಲಿಲ್ಲ. ಎದುರುಮನೆಯ ಬ್ರಿಜಿತಮ್ಮ ಎಂಬ ಮುದುಕಿ ನಡುವೆ ಬಂದರು. "ನೀನು ನನ್ ಕೈಗೆ ಕೊಡು, ನಾನು ಅವನ ಕೈಗೆ ಕೊಡ್ತೀನಿ. ಮಾತೆಗಂತೂ ನಿಮ್ ಜಗಳ ಬೇಕಿಲ್ಲ," ಎಂದರು. ಹಾಗೆ ನಾನು ಸುತ್ತಿ ಬಳಸಿ ಹೋಗತೊಡಗಿದೆ. ಜಪಸರದಲ್ಲಿ ಪರಲೋಕ ಪ್ರಾರ್ಥನೆ ಬಂದಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿನಲ್ಲಿ ಲೂರ್ದಮ್ಮನ ತುಟಿ ಅಲುಗುತ್ತಿರಲಿಲ್ಲ. ಗಾಜಿನ ಬಾಗಿಲು ಆಕೆಯ ಕಡೆಗೇ ಇರುತ್ತಿದ್ದುದರಿಂದ ನನಗೆ ಅದು ಕಾಣುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದವು. ಒಂದು ಸಂಜೆ ಲೂರ್ದಮ್ಮ ನನ್ನನ್ನು ಹೊತ್ತು ತಂದಾಗ ಬ್ರಿಜಿತಮ್ಮ ಬಾಗಿಲಿಗೆ ಬರಲಿಲ್ಲ. ಒಳಗೆ ದಿಂಬಿಗೆ ಒರಗಿ ಕೂತಿದ್ದರು. ಮೈ ಕೆಂಡವಾಗಿತ್ತು, ಎದೆ ಗೊರಗೊರ ಎನ್ನುತ್ತಿತ್ತು. ಲೂರ್ದಮ್ಮ ನನ್ನನ್ನು ಮೇಜಿನ ಮೇಲಿಟ್ಟು, ಮುದುಕಿಯ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು.

"ಆಸ್ಪತ್ರೆಗೆ ಹೋಗವ," ಎಂದರು ಕಡೆಗೆ.

"ಹೋಗವ. ಅದಲ್ಲ ನಿನ್ ಬಾಯಲ್ಲಿರೋದು."

"ಇನ್ನೇನಿಲ್ಲ."

"ಫಾದರ್‌ನ ಕರಿಬೇಕು ಅಂತ ಇದ್ದೀಯ. ನಾನು ಹೆದರ್ಕಂಡೇನು ಅಂತ ನುಂಗ್ತಾ ಇದ್ದೀಯ." ಬ್ರಿಜಿತಮ್ಮ ಕೆಮ್ಮಿ ಉಸಿರೆಳೆದುಕೊಂಡರು. "ಆವತ್ತು ನಿನ್ ತಮ್ಮನೂ ಹಿಂಗೇ ನುಂಗಿದ್ದು ಕಣೆ."

ಲೂರ್ದಮ್ಮ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ ಮುದುಕಿಯ ಹಣೆಗೆ ಹಾಕಿದರು. ಆಮೇಲೆ ಆಚೆ ಹೋದರು. ತೆರೆದ ಬಾಗಿಲಿನಿಂದ ಆಕೆಯ ದನಿ ಕೇಳಿಸಿತು.

"ಚೌರಿ! ಗಾಡಿ ತೆಗೆಯೋ. ಬ್ರಿಜಿತಮ್ಮಂಗೆ ಹುಷಾರಿಲ್ಲ, ಫಾದರ್‌ನ ಕರ್ಕಂಡ್ ಬಾ."

ಆ ಕಡೆಯಿಂದ "ಬಂದೇ ಅಕ್ಕ," ಎಂಬ ಉತ್ತರ, ಸ್ಕೂಟರಿನ ಸದ್ದು.

ಫಾದರ್ ತೈಲ ಹಚ್ಚಿದರು, ಪರಮಪ್ರಸಾದ ಕೊಟ್ಟರು. ಆಸ್ಪತ್ರೆಯಿಂದ ಬ್ರಿಜಿತಮ್ಮ ಗುಣವಾಗಿಯೇ ಮರಳಿದರು. ಅಲ್ಲಿನ ಸಾರಿಗೆ ಉಪ್ಪಿರಲಿಲ್ಲ ಎಂದು ತಿಂಗಳುಗಟ್ಟಲೆ ಬೈದರು. ಆದರೆ ತೈಲ ಹಚ್ಚಿದ ಮರುದಿನ ಸಂಜೆ ನನ್ನನ್ನು ಒಯ್ಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಲೂರ್ದಮ್ಮ ತಾವೇ ಎತ್ತಿ ತಮ್ಮನ ಹೊಸ್ತಿಲಿಗೆ ಒಯ್ದರು. ಚೌರಪ್ಪ ಒಂದು ಹಿಡಿ ಹಿಡಿದರು.

"ಅವ್ವನ್ನ ಹೆದರಿಸಬಾರ್ದು ಅಂತ ಸುಮ್ನಾದೆ ಅಕ್ಕ," ಎಂದರು.

"ಗೊತ್ತಾಯ್ತು ಬಿಡು. ನಮೋ ಮರಿಯಾ ಹೇಳು, ಕೈ ನೋಯ್ತಾ ಇದೆ."

ಇಬ್ಬರೂ ಹೇಳತೊಡಗಿದರು. ನಡುವೆ ಲೂರ್ದಮ್ಮನ ದನಿ ಒಡೆಯಿತು. ಚೌರಪ್ಪ ಒಬ್ಬರೇ ಮುಗಿಸಿದರು.

ನನಗೂ ವಯಸ್ಸಾಯಿತು. ಗಾಜು ಬಿರುಕು ಬಿಟ್ಟಿತು, ಒಂದು ಹಿಡಿ ಕಳಚಿತು. ಮಾತೆಗೆ ದೀಪವಿರುವ ಹೊಸ ಪೆಟ್ಟಿಗೆ ಬಂತು. ಲೂರ್ದಮ್ಮ ಫಾದರ್‌ರನ್ನು ಕೇಳಿ ನನ್ನನ್ನು ಮನೆಗೆ ತಂದು, ಮಂಚದ ಪಕ್ಕದಲ್ಲಿ ಇಟ್ಟುಕೊಂಡರು. ಆಕೆಯೂ ಹಾಸಿಗೆ ಹಿಡಿದ ವರ್ಷ, ಒಂದು ಬೆಳಿಗ್ಗೆ ಚೌರಪ್ಪ ಫಾದರ್ ಜೊತೆ ಬಂದರು. ನನ್ನ ಮೇಲೆ ಬಿಳಿ ಬಟ್ಟೆ ಹಾಸಿ ಶಿಲುಬೆ, ಮೇಣದಬತ್ತಿ, ತೈಲದ ಕರಡಿಗೆ ಇಟ್ಟರು.

"ಇಷ್ಟ್ ಬೇಗ ಯಾಕ್ಲಾ ಕರ್ಕಂಡ್ ಬಂದೆ? ಇನ್ನೂ ಗಟ್ಟಿಯಾಗೇ ಇವ್ನಿ."

"ಗಟ್ಟಿಯಾಗಿದ್ರೆ ಪ್ರಾರ್ಥನೆ ನೀನೇ ಹೇಳ್ಬೋದಲ್ಲಕ್ಕ."

ಲೂರ್ದಮ್ಮ ತಮ್ಮನನ್ನು ದಿಟ್ಟಿಸಿ ನೋಡಿದರು. ನಂತರ ಎರಡೂ ಅಂಗೈ ಬಿಚ್ಚಿ ಮುಂದೆ ಚಾಚಿದರು. ಪರಲೋಕ ಪ್ರಾರ್ಥನೆಯನ್ನು ಯಾವ ಸಾಲನ್ನೂ ಬಿಡದೆ ಹೇಳಿದರು. ಆ ತಿಂಗಳು ಮುಗಿಯುವ ಮೊದಲೇ ತೀರಿಕೊಂಡರು.

ಈಗ ನಾನಿರುವುದು ಚೌರಪ್ಪನ ನಡುಮನೆಯ ಮೂಲೆಯಲ್ಲಿ. ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಚೌರಪ್ಪ ನನ್ನ ಮೇಲಿನ ಧೂಳು ಒರೆಸಿ, ಬಿಳಿ ಬಟ್ಟೆಯ ಸಮೇತ ಫಾದರ್ ಜೊತೆ ಅಲ್ಲಿಗೆ ಹೊತ್ತು ಹೋಗುತ್ತಾರೆ. ಕಾಯಿಲೆ ಜೋರಾಗಲಿ ಎಂದು ಕಾಯುವುದಿಲ್ಲ. ನನ್ನನ್ನು ಕಂಡು ಯಾರೂ ಹೆದರುವುದಿಲ್ಲ ಎಂದರೆ ಅದು ಸುಳ್ಳಾದೀತು. ಹೆದರುತ್ತಾರೆ. ಹೆದರುತ್ತಲೇ ಬಾಗಿಲು ತೆರೆಯುತ್ತಾರೆ.