ಎರಡು ಕೈಯ ಉಪ್ಪು

ನಮ್ಮ ಮನೆಯ ಗಾರ್ಲಿಕ್ ಬ್ರೆಡ್ಡಿಗೆ ಇಬ್ಬರು ಒಡತಿಯರು. ಹಿಟ್ಟು ನಾದುವುದು ನನ್ನ ಪಾಲು. ಬೆಳ್ಳುಳ್ಳಿ ಜಜ್ಜಿ ಬೆಣ್ಣೆಗೆ ಕಲಸಿ, ಚೀಸ್ ತುಂಬಿ, ಓವನ್ನಿಗೆ ಇಡುವುದು ನನ್ನ ಓರಗಿತ್ತಿಯ ಪಾಲು. ಅವಳು ಸೊಸೆಯಾಗಿ ಬಂದಾಗಿನಿಂದ ಪ್ರತಿ ಭಾನುವಾರ ಹೀಗೇ. ಟ್ರೇ ತಂದು ಮೆಟ್ಟಿಲ ಬಳಿಯ ಮೇಜಿನ ಮೇಲಿಟ್ಟರೆ ಕಟ್ಟಡದವರೆಲ್ಲ ಬಂದು ಒಂದೊಂದು ತುಂಡು ಕಿತ್ತುಕೊಂಡು ತಿನ್ನುತ್ತಾರೆ. ಕತ್ತರಿಸಿ ಕೊಟ್ಟರೆ ಯಾರಿಗೂ ಸಮಾಧಾನವಿಲ್ಲ, ಚೀಸ್ ಎಳೆಎಳೆಯಾಗಿ ಬರಬೇಕು.

ಆ ಭಾನುವಾರ ಕೊನೆಯದು. ಮರುದಿನ ಅವಳೂ ನನ್ನ ಮೈದುನನೂ ಬೇರೆ ಮನೆಗೆ ಹೊರಡುವವರಿದ್ದರು. ಅಣ್ಣತಮ್ಮಂದಿರು ಸೇರಿ ನಡೆಸುತ್ತಿದ್ದ ಮೋಟಾರ್ ರಿಪೇರಿ ಅಂಗಡಿಯಲ್ಲಿ ಜಗಳ ಹತ್ತಿತ್ತು. ತಮ್ಮನಿಗೆ ಹೊಸ ಫ್ಯಾನು ಮಾರುವ ಆಸೆ, ಅಣ್ಣನಿಗೆ ಹಳೆಯ ಮೋಟಾರೇ ಸರ್ವಸ್ವ. ಎತ್ತು ಏರಿಗೆ, ಕೋಣ ನೀರಿಗೆ. ಗಂಡಸರು ಮಾತು ಬಿಟ್ಟರು. ಅವರ ಬಿಗುಮಾನಕ್ಕೆ ನಾವಿಬ್ಬರು ಯಾಕೆ ಬಾಯಿಗೆ ಬೀಗ ಹಾಕಿಕೊಂಡೆವೋ ನನಗೆ ಈಗಲೂ ತಿಳಿಯದು. ಚಿಕ್ಕವಳು, ಅವಳೇ ಮೊದಲು ಮಾತಾಡಲಿ ಎಂದು ನಾನು. ದೊಡ್ಡವರು, ಅವರೇ ಮಾತಾಡಲಿ ಎಂದು ಅವಳು. ಅವಳು ಹೋಗಬಾರದು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಿಗೆ ಮಾತ್ರ ಆಡಲಿಲ್ಲ.

ಅಡುಗೆಮನೆಗೂ ಪಾಳಿಯ ಮೇಲೆ ಹೋಗುತ್ತಿದ್ದೆವು. ಆ ಬೆಳಿಗ್ಗೆ ಮೈದಾ, ಯೀಸ್ಟ್, ಹಾಲು, ಉಪ್ಪು ಸೇರಿಸಿ ಮನಸ್ಸಿಟ್ಟು ನಾದಿದೆ. ನಾನು ಕೆಲಸ ಮಾಡಿದ ಕಟ್ಟೆ ಸಾಮಾನ್ಯವಾಗಿ ಸಂತೆ ಮುಗಿದ ಬಯಲಿನಂತಿರುತ್ತದೆ. ಉಪ್ಪಿನ ಡಬ್ಬಿ ಬಾಯಿ ತೆರೆದೇ ಬಿದ್ದಿರುತ್ತದೆ, ಮುಚ್ಚಿಡುವವಳು ಅವಳೇ. ಹೊರಡುವ ಮುಂಚಿನ ದಿನವಾದರೂ ನನ್ನ ರಾಮಾಯಣ ಅವಳಿಗೆ ಬೇಡ ಅನ್ನಿಸಿ ಕಟ್ಟೆ ಒರೆಸಿದೆ, ಡಬ್ಬಿ ಮುಚ್ಚಿ ಶೆಲ್ಫಿಗೆ ಏರಿಸಿದೆ. ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ತೊಳೆದ ಬಟ್ಟೆ ಒಣಹಾಕಲು ಟೆರೇಸಿಗೆ ಹೋದೆ.

ಮಧ್ಯಾಹ್ನವಾದರೂ ಹಿಟ್ಟು ಉಬ್ಬಲಿಲ್ಲ. ಅವಳು ಬಟ್ಟೆ ಎತ್ತಿ ನೋಡುವುದು, ಮುಚ್ಚುವುದು, ಮತ್ತೆ ನೋಡುವುದು ಬಾಗಿಲಿನಿಂದ ಕಾಣುತ್ತಿತ್ತು. ಏನಾಯಿತು ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಂಜೆ ಜನ ಕಾಯುತ್ತಾರಲ್ಲ, ಅದನ್ನೇ ಬೇಯಿಸಿದಳು.

ಮೊದಲ ತುಂಡು ಬಾಯಿಗಿಟ್ಟ ಕೆಳಮನೆಯ ನರ್ಸಮ್ಮ ನೀರು ಕುಡಿಯಲು ಓಡಿದರು. ಮೇಲ್ಮನೆಯ ಮೇಷ್ಟ್ರು ಕಷ್ಟಪಟ್ಟು ಅಗಿದು, ಉಪ್ಪಿಗಿಂತ ರುಚಿಯಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ಎಂದು ಮಿಕ್ಕದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಉಳಿದವರಿಗೆಲ್ಲ ಇದ್ದಕ್ಕಿದ್ದಂತೆ ಮನೆಗೆಲಸ ನೆನಪಾಯಿತು. ತುಂಬಿದ ಟ್ರೇ ಮುಂದೆ ನಾವಿಬ್ಬರೇ ಉಳಿದೆವು. ನಾನೂ ಒಂದು ತುಂಡು ಕಿತ್ತು ತಿಂದೆ. ಕಲ್ಲಿನಂಥ ಬ್ರೆಡ್ಡು, ಉಪ್ಪೋ ಉಪ್ಪು.

"ನೀನೂ ಉಪ್ಪು ಹಾಕಿದ್ಯಾ?" ಎಂದೆ. ಎಷ್ಟೋ ವಾರಗಳ ಮೇಲೆ ಆಡಿದ ಮೊದಲ ಮಾತು ಅದು.

"ಡಬ್ಬಿ ಮುಚ್ಚಿತ್ತಲ್ಲ ಅಕ್ಕ, ನೀವು ಮರೆತಿದ್ದೀರಿ ಅಂದ್ಕೊಂಡೆ. ಎಲ್ಲರ ಮುಂದೆ ನಿಮ್ಮ ಮರ್ಯಾದೆ ಹೋಗೋದು ಬೇಡ ಅಂತ ನೀರಲ್ಲಿ ಕರಗಿಸಿ ಮತ್ತೆ ನಾದಿದೆ."

ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಬಯ್ಯಲು ಹೊರಟವಳಿಗೆ ನಗು ಬಂತು. ಅವಳೂ ನಕ್ಕಳು. ನಗುತ್ತ ನಗುತ್ತಲೇ ನನ್ನ ಕಣ್ಣು ತುಂಬಿತು, ಇನ್ನು ತಡೆಯಲಾಗಲಿಲ್ಲ.

"ಹೋಗಬೇಡ ಕಣೇ. ಅವರಿಬ್ಬರು ಬೇಕಾದ್ದು ಮಾಡ್ಕೊಳ್ಳಲಿ. ನೀನಿಲ್ಲದೆ ನಂಗಾಗಲ್ಲ."

ಅವಳ ನಗು ನಿಂತಿತು. ಕೈಯಲ್ಲಿದ್ದ ತುಂಡನ್ನು ಟ್ರೇಗೆ ಇಟ್ಟಳು.

"ಈ ಮಾತಿಗೇ ಕಾಯ್ತಿದ್ದೆ ಅಕ್ಕ. ಮನೆ ನೋಡೋಕೆ ಹೋಗುವಾಗ್ಲೂ ಕಾದೆ, ಪಾತ್ರೆ ಕಟ್ಟುವಾಗ್ಲೂ ಕಾದೆ. ನೀವು ಬಾಯೇ ಬಿಡಲಿಲ್ಲ. ನಿನ್ನೆ ಇವರೇ ಕೇಳಿದ್ರು, ಬೇಡ ಬಿಡು, ಇಲ್ಲೇ ಇದ್ದುಬಿಡೋಣ್ವಾ ಅಂತ. ಅಕ್ಕನಿಗೇ ನಾವು ಬೇಡ, ಹೋಗೋಣ ಅಂದೆ. ಬೆಳಿಗ್ಗೆ ಅಂಗಡಿ ಬೀಗದ ಕೈ ಭಾವನಿಗೆ ಕೊಟ್ಟು ಬಂದ್ರು. ಅಷ್ಟು ದೊಡ್ಡ ಗಂಡಸು ಅತ್ಕೊಂಡು ಬಂದ್ರು ಅಕ್ಕ. ಈಗ ನಾನು ಯಾವ ಬಾಯಲ್ಲಿ ಇಲ್ಲೇ ಇರೋಣ ಅನ್ನಲಿ?"

ಅವಳ ಕೈ ಹಿಡಿದುಕೊಂಡೆ. ಒಳಗೆ ಮೈದುನ ಮಂಚದ ಬೋಲ್ಟುಗಳನ್ನು ಬಿಚ್ಚುತ್ತಿದ್ದ.