ನೀರು ಹತ್ತದ ರಸ್ತೆ

ವಿಶಾಖಪಟ್ಟಣದಲ್ಲಿ ಭೂಗೋಳದ ಎಂಎಸ್ಸಿ ಓದುತ್ತಿದ್ದ ಐಶ್ವರ್ಯಾ ತನ್ನ ಪ್ರಾಜೆಕ್ಟಿಗೆ ವಿಜಯವಾಡದ ಪ್ರವಾಹವನ್ನು ಆರಿಸಿಕೊಂಡಾಗ ಅವಳ ಮೇಡಂ ಬೇಡವೆಂದರು. ಆ ಪ್ರವಾಹದಲ್ಲೇ ಅವಳ ತಂದೆ ಕೃಷ್ಣಪ್ರಸಾದ ತೀರಿಕೊಂಡಿದ್ದು ಅವರಿಗೆ ಗೊತ್ತಿತ್ತು. "ಭೀಮುನಿಪಟ್ಟಣದ ಕಡಲತೀರ ತಗೋಮ್ಮಾ," ಎಂದರು. ಐಶ್ವರ್ಯಾ ಒಪ್ಪಲಿಲ್ಲ.

ಕೃಷ್ಣಪ್ರಸಾದ ಚಿತ್ರದುರ್ಗದವರು, ಕೊಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಪ್ರವಾಹದ ದಿನ ಬೆಳಗಿನ ಜಾವ ಪಾಳಿ ಮುಗಿಸಿ ಹೊರಡುವ ಮುಂಚೆ ವಿಜಯವಾಡದ ಮನೆಗೆ ಫೋನ್ ಮಾಡಿ, ಮಳೆ ಜೋರಾಗಿದೆ, ಕಾಲುವೆ ರಸ್ತೆಯಲ್ಲಿ ಬರಲೋ ಮೇಲಿನ ರಸ್ತೆಯಲ್ಲಿ ಬರಲೋ ಎಂದು ಕೇಳಿದ್ದರು. "ಕಾಲುವೆ ರಸ್ತೇಲೇ ಬಂದ್ಬಿಡ್ರಿ, ಬೇಗ ಆಗುತ್ತೆ," ಎಂದಿದ್ದರು ಹೆಂಡತಿ ಉಮಾದೇವಿ. ನೀರು ಇಳಿದ ಮೇಲೆ ಮೊದಲು ಬೈಕು ಸಿಕ್ಕಿತು, ಆಮೇಲೆ ಅವರು.

ತಿಥಿಯ ದಿನ ಕೃಷ್ಣಪ್ರಸಾದರ ಅಕ್ಕ ಅನುಸೂಯಾ ಎಲ್ಲರೆದುರು, "ಮೇಲಿನ ರಸ್ತೇಲಿ ಬಾ ಅಂದಿದ್ರೆ ನನ್ನ ತಮ್ಮ ಇವತ್ತು ಇರ್ತಿದ್ದ," ಎಂದುಬಿಟ್ಟರು. ಉಮಾದೇವಿಯೂ ಹಾಗೇ ನಂಬಿದ್ದರು.

ಮೇಲಿನ ರಸ್ತೆಯೂ ಮುಳುಗಿತ್ತು ಎಂದು ತೋರಿಸಬೇಕೆಂಬುದೇ ಐಶ್ವರ್ಯಾಳ ಹಟ. ಮೋಡದೊಳಗಿಂದಲೂ ನೆಲವನ್ನು ಕಾಣುವ ರೇಡಾರ್ ಉಪಗ್ರಹವೊಂದು ಅದೇ ಬೆಳಿಗ್ಗೆ ವಿಜಯವಾಡದ ಮೇಲೆ ಹಾದುಹೋಗಿತ್ತು. ಆ ಚಿತ್ರವನ್ನು ಇಳಿಸಿಕೊಂಡಳು. ನೀರು ನಿಂತ ಜಾಗವೆಲ್ಲ ಅದರಲ್ಲಿ ಕಪ್ಪಾಗಿ ಕಾಣುತ್ತಿತ್ತು. ಹಳೆಯ ಸರ್ವೆ ನಕ್ಷೆಯೊಂದರಿಂದ ರಸ್ತೆ, ಮನೆಗಳನ್ನು ಎಳೆದು ಆ ಚಿತ್ರದ ಮೇಲಿಟ್ಟಳು. ಎರಡು ರಸ್ತೆಗಳೂ ಕಪ್ಪಿನೊಳಗಿದ್ದವು.

ಕೂಡಲೇ ಅಮ್ಮನಿಗೆ ಫೋನ್ ಮಾಡಿದಳು.

"ಮೇಲಿನ ರಸ್ತೇನೂ ಮುಳುಗಿತ್ತಾ?"

"ಹ್ಞೂಂ ಅಮ್ಮ, ಪೂರ್ತಿ."

"ಹಂಗಾದ್ರೆ ಅವರು ಯಾವ ಕಡೆಯಿಂದ ಬಂದಿದ್ರೂ..." ಉಮಾದೇವಿ ಬಿಕ್ಕುವುದನ್ನು ಕೇಳುತ್ತ ಐಶ್ವರ್ಯಾಳೂ ಅತ್ತಳು. ಮನಸ್ಸು ಅಷ್ಟು ಹಗುರಾಗಿ ಬಹಳ ಕಾಲವಾಗಿತ್ತು.

ಆದರೆ ನಕ್ಷೆ ನೋಡಿದ ಮೇಡಂ ಹುಬ್ಬುಗಂಟಿಕ್ಕಿದರು. ಗುಡ್ಡದ ಮೇಲಿನ ಮನೆಗಳೂ ಅದರಲ್ಲಿ ನೀರಿನಲ್ಲಿದ್ದವು. "ಎಲ್ಲೋ ತಪ್ಪಿದೆ. ವಿಜಯವಾಡದಲ್ಲಿ ನನ್ನ ಹಳೆಯ ವಿದ್ಯಾರ್ಥಿ ಫಣಿ ಇದ್ದಾನೆ, ನಕ್ಷೆ ಮಾಡೋದೇ ಅವನ ಕೆಲಸ, ಅವನಿಗೆ ತೋರಿಸು," ಎಂದರು.

ಗವರ್ನರ್‌ಪೇಟೆಯ ಸಗಟು ಬಟ್ಟೆ ಅಂಗಡಿಯೊಂದರ ಮೇಲಿದ್ದ ಫಣಿಯ ಆಫೀಸಿಗೆ ಐಶ್ವರ್ಯಾ ವಿಜಯವಾಡಕ್ಕೆ ಬಂದ ದಿನವೇ ಹೋದಳು. ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. "ರಸ್ತೆಗಳನ್ನು ಹಳೇ ನಕ್ಷೆಯಿಂದ ತಗೊಂಡ್ರಾ? ಅದರ ಅಳತೆಯ ಆಧಾರ ಬೇರೆ, ಉಪಗ್ರಹದ್ದು ಬೇರೆ. ಹೊಂದಿಸದೆ ಇಟ್ಟರೆ ಎಲ್ಲವೂ ಪಕ್ಕಕ್ಕೆ ಸರಿದುಬಿಡುತ್ತೆ. ಎಲ್ಲರೂ ಮಾಡೋ ತಪ್ಪೇ ಇದು," ಎಂದು ತೆಲುಗಿನಲ್ಲಿ ಹೇಳುತ್ತಲೇ ಸರಿಪಡಿಸಿದ. ರಸ್ತೆ, ಮನೆಗಳೆಲ್ಲ ಒಟ್ಟಿಗೆ ಜರುಗಿದವು. ಗುಡ್ಡದ ಮನೆಗಳು ನೀರಿನಿಂದ ಹೊರಬಂದವು. ಕಾಲುವೆ ರಸ್ತೆ ಕಪ್ಪಿನಲ್ಲೇ ಉಳಿಯಿತು. ಮೇಲಿನ ರಸ್ತೆ ಕಾರ್ಖಾನೆಯಿಂದ ಅವರ ಬೀದಿಯ ತಿರುವಿನವರೆಗೂ ಕಪ್ಪಿನ ಹೊರಗಿತ್ತು.

"ನೋಡಿ, ಈಗ ಎಷ್ಟು ಚೆನ್ನಾಗಿ ಕೂತಿದೆ!"

"ಇನ್ನೊಂದು ಸಲ ನೋಡ್ತೀರಾ, ಫಣಿಗಾರು? ಆ ರಸ್ತೆ... ಸ್ವಲ್ಪನಾದ್ರೂ?"

ಅವನು ಮತ್ತೆ ನೋಡಿದ. ಅಲ್ಲಿ ನೀರಿರಲಿಲ್ಲ. ಅವಳ ಮುಖ ಕಂಡು, "ಯಾಕಮ್ಮಾ, ಏನಾಯ್ತು?" ಎಂದ. ಏನಿಲ್ಲವೆಂದು ಥ್ಯಾಂಕ್ಸ್ ಹೇಳಿ ಐಶ್ವರ್ಯಾ ಮೆಟ್ಟಿಲಿಳಿದಳು. ಅಮ್ಮನಿಗೆ ಹೇಳುವುದೇ ಬೇಡವೆಂದು ನಿಶ್ಚಯಿಸಿದ ಮೇಲೆಯೇ ಮನೆಯ ಕಡೆ ಹೆಜ್ಜೆ ಹಾಕಿದಳು.

ಉಮಾದೇವಿ ಬಹಳ ದಿನಗಳ ಮೇಲೆ ತಲೆ ಬಾಚಿ ಹೂ ಮುಡಿದಿದ್ದರು. ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. "ಬೆಳಿಗ್ಗೆ ನಿಮ್ಮತ್ತೆಗೆ ಫೋನ್ ಮಾಡ್ದೆ ಕಣೇ. ಎರಡು ರಸ್ತೇನೂ ಮುಳುಗಿತ್ತಂತೆ ಅಂದೆ. ಅವರೂ ಅತ್ರು. ನಿನ್ನ ತಪ್ಪಲ್ಲ ಬಿಡು ಉಮಾ, ಹಬ್ಬಕ್ಕೆ ಬಾ ಅಂದ್ರು. ಎಲ್ಲಿ, ಆ ನಕ್ಷೆ ತೋರ್ಸು. ಸರಿ ಮಾಡಿಸ್ಕೊಂಡು ಬಂದ್ಯಾ?"

"ಹ್ಞೂಂ. ನಾಳೆ ತೋರಿಸ್ತೀನಿ."

"ಯಾಕೆ ನಾಳೆ?"

ಐಶ್ವರ್ಯಾ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಉಮಾದೇವಿ ಮಗಳ ಮುಖವನ್ನೇ ನೋಡುತ್ತ ನಿಂತರು, ಆಮೇಲೆ ಹೋಗಿ ಒಲೆ ಆರಿಸಿ ಬಂದು ಕುರ್ಚಿಯಲ್ಲಿ ಕುಳಿತರು.

"ನೀರು ಬಂದಿರ್ಲಿಲ್ಲ ಅಲ್ವಾ?"

"ಅಮ್ಮ, ಅದು ಬರೀ ಒಂದು ಚಿತ್ರ..."

"ಆ ರಸ್ತೇಲಿ ಬಂದಿದ್ರೆ ಮನೆಗೆ ಬರ್ತಿದ್ರಾ? ಅಷ್ಟು ಹೇಳು."

ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. "ಬರ್ತಿದ್ರು ಅಮ್ಮ," ಎಂದು ಅಲ್ಲೇ ಕುಸಿದು ಅಮ್ಮನ ಮಡಿಲಲ್ಲಿ ಮುಖವಿಟ್ಟಳು.

ಉಮಾದೇವಿ ಅಳಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಅನುಸೂಯಾಗೆ ಫೋನ್ ಮಾಡಿದರು. "ಅಮ್ಮ, ಬೇಡ," ಎಂದಳು ಐಶ್ವರ್ಯಾ. ಅವರು ಕೇಳಲಿಲ್ಲ.

"ಅತ್ತಿಗೆ, ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಹುಡುಗಿ ಇವತ್ತು ಸರಿಯಾಗಿ ನೋಡಿಸ್ಕೊಂಡು ಬಂದಳು. ಮೇಲಿನ ರಸ್ತೆ ಚೆನ್ನಾಗೇ ಇತ್ತಂತೆ. ನೀವು ಅಂದಿದ್ದೇ ನಿಜ."

ಉಮಾದೇವಿ "ಅತ್ತಿಗೆ? ಅತ್ತಿಗೆ?" ಎಂದು ಕರೆದರು. ಫೋನ್ ಕಟ್ಟಾಗಿತ್ತು.

ಸರಿಪಡಿಸಿದ ನಕ್ಷೆಯನ್ನೇ ಐಶ್ವರ್ಯಾ ಕಾಲೇಜಿಗೆ ಕೊಟ್ಟಳು. ತರಗತಿಯಲ್ಲಿ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ನೀರು ಎಲ್ಲೆಲ್ಲಿ ನುಗ್ಗಿತು, ಎಲ್ಲಿ ನುಗ್ಗಲಿಲ್ಲ ಎಂದು ಸ್ಪಷ್ಟವಾಗಿ ವಿವರಿಸಿದಳು. ಕೆಲಸ ಅಚ್ಚುಕಟ್ಟಾಗಿದೆ ಎಂದರು ಮೇಡಂ. ಸ್ನೇಹಿತೆಯರು ಚಪ್ಪಾಳೆ ತಟ್ಟಿದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದಳು. ಅಮ್ಮ ಪ್ರಾಜೆಕ್ಟಿನ ವಿಷಯ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ಊಟ ಆಯ್ತಾ ಅಮ್ಮ?"

"ಆಯ್ತು," ಎಂದರು ಉಮಾದೇವಿ. ಆಗಿಲ್ಲವೆಂದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.