ಸಹಿಯ ಮೇಲಿನ ಖಾಲಿ ಜಾಗ

ಊರ ಕೊನೆಯ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಎಂಟು ತಿಂಗಳಾಗಿತ್ತು. ಟೈಲರ್ ಅಕ್ಕನ ಮನೆಗೆ ಹೊಲಸು ನೀರು ನುಗ್ಗಿ, ಅವಳ ಅತ್ತೆ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಮಲಗುತ್ತಿದ್ದರು. ಆ ಚರಂಡಿಗಾಗಿಯೇ ಅಕ್ಕ ಪುರಸಭೆ ಚುನಾವಣೆಗೆ ನಿಂತು ಗೆದ್ದವಳು. ನಾನು ಅದೇ ಪುರಸಭೆಯ ಜವಾನ. ಸಭೆಯ ಪುಸ್ತಕ ಹೊತ್ತು ತಿರುಗುವುದು ನನ್ನ ಕೆಲಸ.

ನಮ್ಮಲ್ಲೊಂದು ಪದ್ಧತಿ ಇತ್ತು. ಸದಸ್ಯರು ಬಂದ ಕೂಡಲೇ, ಕೂರುವ ಮೊದಲೇ, ಪುಟದ ಕೆಳಗೆ ಹಾಜರಿ ಸಹಿ ಹಾಕಬೇಕು. ಮೇಲಿನ ಮುಕ್ಕಾಲು ಪುಟ ಖಾಲಿ. ಸಭೆಯಲ್ಲಿ ಏನಾಯಿತೆಂದು ಗುಮಾಸ್ತರು ಆಮೇಲೆ ಅಲ್ಲಿ ಬರೆಯುತ್ತಾರೆ. ಅದನ್ನು ಯಾರೂ ತಿರುಗಿಸಿ ಓದುತ್ತಿರಲಿಲ್ಲ. ನಾನೂ ಓದಲಿಲ್ಲ, ಆ ಪಾಪದಲ್ಲಿ ನನ್ನ ಪಾಲೂ ಇದೆ.

ಒಂದು ಬೆಳಿಗ್ಗೆ ಗೋಡೆಯ ಮೇಲೆ ನೋಟೀಸು. ನಮ್ಮ ಪುರಸಭೆಯನ್ನು ಮಹಾನಗರಕ್ಕೆ ಸೇರಿಸುತ್ತಾರಂತೆ, ತಿಂಗಳ ಕೊನೆಗೆ ಸದಸ್ಯರೆಲ್ಲ ಮನೆಗೆ. ಪಕ್ಕದಲ್ಲಿ ಪುಸ್ತಕದ ಪುಟದ ಜೆರಾಕ್ಸು: 'ಎಲ್ಲರೂ ಒಪ್ಪಿದ್ದಾರೆ.' ಕೆಳಗೆ ಅಕ್ಕನ ದುಂಡನೆಯ ಸಹಿ.

ಬೀದಿಯವರು ಅವಳ ಬಾಗಿಲಿಗೆ ಬಂದರು.

"ನಮ್ಮನ್ನ ಮಾರ್ಕೊಂಡ್ಬಿಟ್ಯಲ್ಲೇ!" ಎಂದರು ಎದುರುಮನೆ ಅಜ್ಜಿ.

"ಅಯ್ಯೋ ಅಜ್ಜಿ, ಅವತ್ತು ಸಭೇಲಿ ಚರಂಡಿ ಬಿಟ್ಟು ಬೇರೆ ಮಾತೇ ಆಡಿಲ್ಲ ನಾನು! ಬಂದಿದ್ದೀನಿ ಅಂತ ಸಹಿ ಹಾಕಿದ್ದು, ಒಪ್ಪಿದ್ದೀನಿ ಅಂತ ಅಲ್ಲ!"

ಅಕ್ಕ ಅತ್ತೇಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಅವಳು ಕೇಳಲು ಬಂದಾಗ ಮುಖ್ಯಾಧಿಕಾರಿ ಫೈಲಿನಿಂದ ತಲೆ ಎತ್ತಲಿಲ್ಲ.

"ಸಹಿ ನಿಮ್ದೇ ತಾನೇ?"

"ಹೌದು ಸಾರ್. ಮೇಲೆ ಬರೆದಿರೋದು ನಂದಲ್ಲ."

"ಕೋರ್ಟಿಗೆ ಹೋಗಿ. ಚರಂಡಿಗೆ ಮಹಾನಗರದ ನಂಬರಿಗೆ ಫೋನ್ ಮಾಡಿ."

ಅಲ್ಲೇ ನಿಂತು ಮಾಡಿದಳು. "ನಿಮ್ಮ ವಾರ್ಡ್ ನಮ್ಮ ಪಟ್ಟಿಯಲ್ಲಿಲ್ಲ," ಎಂದು ಆ ಕಡೆಯವರು ಮೂರು ಸಲ ಹೇಳಿ ಫೋನ್ ಕಟ್ ಮಾಡಿದರು. ಅಕ್ಕ ಫೋನನ್ನು ಸೆರಗಿಗೆ ಒರೆಸಿಕೊಂಡು ಹೊರಬಂದಳು.

ಕೊನೆಯ ಸಭೆಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಹಿಂದೆ ಬೀದಿಯ ಹೆಂಗಸರು, ಅಜ್ಜಿಯೂ ಇದ್ದರು. ನಾನು ಪುಸ್ತಕ ಮುಂದೆ ಇಟ್ಟೆ. ಅಕ್ಕ ಪುಟದ ನೆತ್ತಿಯಿಂದಲೇ ಬರೆಯತೊಡಗಿದಳು: 'ನಾವು ಒಪ್ಪಿಲ್ಲ. ನಮ್ಮನ್ನು ಯಾರೂ ಕೇಳಿಲ್ಲ. ನಮ್ಮ ಚರಂಡಿ ಆಗಬೇಕು.' ದಪ್ಪ ದಪ್ಪ ಅಕ್ಷರ, ಸಹಿಯ ಜಾಗದ ಮೇಲೆ ಒಂದು ಬೆರಳಿನಷ್ಟೂ ಖಾಲಿ ಉಳಿಯದ ಹಾಗೆ. ಆಮೇಲೆ ಸಹಿ. ಒಬ್ಬೊಬ್ಬರಾಗಿ ಬಂದ ಸದಸ್ಯರು ಅದನ್ನು ಓದಿ ಮುಖ ಮುಖ ನೋಡಿಕೊಂಡರು. ಅವರಲ್ಲಿ ಸೈಕಲ್ ಅಂಗಡಿಯವನು ಪೆನ್ನು ಕೇಳಿ ತಾನೂ ಸಹಿ ಹಾಕಿದ. ಮಿಕ್ಕವರೂ ಹಾಕಿದರು.

ಪುಟ ನೋಡಿ ಮುಖ್ಯಾಧಿಕಾರಿ ಎದ್ದೇಬಿಟ್ಟರು. "ಏನಮ್ಮಾ ಇದು? ಸರ್ಕಾರಿ ಪುಸ್ತಕ ಹಾಳುಮಾಡ್ತೀರಾ?"

"ಸಹಿ ನಮ್ದೇ ಸಾರ್. ಈ ಸಲ ಮೇಲಿರೋದೂ ನಮ್ದೇ."

"ಏಯ್ ಜವಾನ! ಹರಿಯೋ ಆ ಹಾಳೆನ!"

ಇಪ್ಪತ್ತೆರಡು ವರ್ಷ 'ಆಯ್ತು ಸಾರ್' ಅಂದ ಬಾಯಿ ನನ್ನದು. ಪುಸ್ತಕವನ್ನು ಎದೆಗೆ ಅವುಚಿಕೊಂಡು ಹೆಂಗಸರ ನಡುವೆ ಹೋಗಿ ನೆಲದ ಮೇಲೆ ಕೂತೆ.

"ನೀವೇ ಬಂದು ಹರೀರಿ ಸಾರ್," ಎಂದೆ.